ಇಳಸು ಅನ್ನೂತನಕ

ಬಾಲಕರ ಮಂದಿರ
11 ಆಗಸ್ಟ್ 2024, ರವಿವಾರ

ಗುಂಡಮ್ಮಾಯಿ, ನಿನ್ನ ಕಾಲಿಗಿ ಬೀಳ್ತೀನಿ.

ನೀ ರಿಟೈರ್ ಆಗಿ ಚಿಂಚೋಳಿಗಿ ಹೋಗಿ ಹನ್ನೊಂದು ದಿನ ಆತು. ಹನ್ನೊಂದು ದಿನದಿಂದ ಈ ಮಂದಿರದಾಗ ಯಾರೂ ನನಗ 'ಏ ಕಪ್ಯಾ, ಹಿಟ್ಟಿಗಿ ನೀರು ಜಾಸ್ತಿ ಆತು ನೋಡೋ ಖೋಡಿ' ಅಂತ ಬೈದಿಲ್ಲ. ಭಾಳ ಬೇಜಾರಾಗ್ಯಾದ. ನಿನ್ನ ಜಾಗಕ್ಕ ಹಾಜಿಮಲಂಗ್ ಕಾಕಾ ಅಂತ ಅಡಿಗಿಯವರು ಬಂದಾರ. ಛಲೋ ಮನುಷ್ಯಾ, ಆದ್ರ ರೊಟ್ಟಿ ಬಡೀಲಿಕ್ಕೆ ಬರಂಗಿಲ್ಲ. ದಿನಾ ಚಪಾತಿ. ಗುರುವಾರ ನಾನೇ ಬಡೀತೀನಿ ಅಂದು ನಲವತ್ತು ರೊಟ್ಟಿ ಬಡದೆ. ಕಾಕಾ ನಿಂತು ನೋಡಿ 'ಯಾರ ಹಂತೇಕ ಕಲತಿ?' ಅಂದರು. ನಿನ್ನ ಹೆಸರು ಹೇಳಿದೆ. ಅದ್ರಾಗ ಒಂಬತ್ತು ಹರದವು. ಇದು ನಿನಗ ಹೇಳಬಾರದು ಅಂತ ಮಾಡಿದ್ದೆ.

ಆಯಿ, ಒಂದು ಕೆಲಸ ಅದ. ಅವ್ವ ಮೂರು ತಿಂಗಳಿಂದ ಭೇಟಿಗಿ ಬಂದಿಲ್ಲ. ಮೊದಲು ಹದಿನೈದು ದಿನಕ್ಕೊಂದು ರವಿವಾರ ತಪ್ಪದೆ ಬರ್ತಿದ್ದಳು, ನಿನಗ ಗೊತ್ತದ. ಈಗ ಫೋನಿನ್ಯಾಗ 'ಉಂಡೇನು? ಛಲೋ ಇರು' ಅಂತಾಳ, ಇಟ್ಟುಬಿಡ್ತಾಳ. ನನ್ನ ಹೆಸರು ಹೇಳ್ಲಿಕ್ಕೂ ನಾಚಿಕಿ ಆಗ್ಯಾದೋ ಏನೋ.

ಬಾಲ ನ್ಯಾಯ ಮಂಡಳಿಯವರು ಹಾಕಿದ ನನ್ನ ಅವಧಿ ಬರೂ ಮಾರ್ಚಿಗಿ ಮುಗೀತದ. ನಮ್ಮ ಕೇಸು ನೋಡ್ಕೊಳ್ಳೂ ಲುಂಬಿನಿ ಮೇಡಂ 'ಹೊರಗ ಬಂದು ಎಲ್ಲಿರ್ತಿ?' ಅಂತ ಕೇಳಿದರು. ಶಹಾಬಾದ, ನಮ್ಮವ್ವನ ಮನೀಗಿ ಅಂದೆ. ಮೇಡಂ ಪೆನ್ನು ಕೆಳಗಿಟ್ಟರು. ಯಾಕಂದ್ರ ನಮ್ಮ ಮನಿ ಎದುರಿಗೇ ಆ ಅಲ್ಲಾವುದ್ದೀನನ ಮನಿ. ನನ್ನ ಕೈಯಾಗಿನ ಫರಸಿ ಕಲ್ಲು ಬಿದ್ದು ಕಾಲು ಜಜ್ಜಿತಲ್ಲ, ಅವಂದು. ಅವರು ಒಲ್ಲೆ ಅಂದ್ರ ನನಗ ಮನೀಗಿ ಬಿಡಂಗಿಲ್ಲ, ದೂರದ ಊರಿನ ಹಾಸ್ಟೆಲಿಗಿ ಕಳಸ್ತಾರ. ನನಗ ಹಾಸ್ಟೆಲ್ ಬ್ಯಾಡ ಆಯಿ. ಮನೀಗಿ ಹೋಗಬೇಕು.

ಒಮ್ಮೆ ಶಹಾಬಾದಕ್ಕ ಹೋಗಿ ಅವ್ವನ್ನ ನೋಡಿ ಬಾ. ಕೈ ಜಾರಿತ್ತು ಅಂತ ಈ ಜಗತ್ತಿನ್ಯಾಗ ನಂಬಿದಾಕಿ ನೀ ಒಬ್ಬಾಕಿ. ಪತ್ರ ತೆರದೇ ಕೊಡಬೇಕು, ಆಫೀಸಿನ್ಯಾಗ ಬಸವಂತರಾಯ ಸರ್ ಓದಿ ಅಂಟಸ್ತಾರ. ಅದಕ್ಕ ಜಾಸ್ತಿ ಬರಿಯಂಗಿಲ್ಲ.

ನಿನ್ನ
ಕಪಿಲ


ಚಿಂಚೋಳಿ
25 ಆಗಸ್ಟ್ 2024

ಏ ಕಪ್ಯಾ,

ನಲವತ್ತರಾಗ ಒಂಬತ್ತು ಹರದವು? ನನ್ನ ಹೆಸರು ಯಾಕರೆ ಹೇಳ್ದಿ? ಬ್ಯಾರೆ ಯಾರದರೆ ಹೆಸರು ಹೇಳಬೇಕಿಲ್ಲ! ನೀರು ಕುದ್ದು ಮಳ್ಳೂತನಕ ಕಾಯವಲ್ಲಿ ನೀ, ಅದಕ್ಕ ಹರೀತಾವ. ಹಿಟ್ಟು ನಾದೂ ಮುಂದ ಮನಸು ಹಿಟ್ಟಿನ್ಯಾಗ ಇರಬೇಕು, ಕಿಡಕಿಯಾಗಲ್ಲ.

ಬಸವಂತರಾಯ ಸಾಹೇಬರೆ, ಇದು ಓದ್ಲಿಕತ್ತಿದ್ರ ನಿಮಗ ಶರಣರಿ. ಮಂಡಿ ನೋವು ಹೆಂಗದರಿ? ಎಣ್ಣಿ ಹಚ್ಚಲಿಕ್ಕೆ ಮರೀಬ್ಯಾಡ್ರಿ.

ನಂದೇನು ಕೇಳ್ತಿ ಮಗಾ. ತಂಗಿ ಲಕ್ಷ್ಮಿ ಮನಿಯಾಗ ಆರಾಮ ಇದ್ದೀನಿ. ಇಪ್ಪತ್ತೆರಡು ವರ್ಷ ನಿಮ್ಮಂಥ ದಂಡಿಗಿ ಅಡಿಗಿ ಮಾಡಿದ ಕೈಗಿ ಇಬ್ಬರ ಅಳತಿ ಸಿಗವಲ್ದು. ಮೊನ್ನೆ ಇಬ್ಬರಿಗಿ ಅಂತ ಒಂದು ಬೋಗಾಣಿ ಬ್ಯಾಳಿ ಮಾಡಿಟ್ಟೆ. ಲಕ್ಷ್ಮಿ ಬೈಕೋತ ಓಣಿ ತುಂಬ ಹಂಚಿ ಬಂದಳು. ಈಗ ನನಗ ಒಲಿ ಹಂತೇಕ ಬಿಡವಲ್ಲಳು.

ಕೈ ಜಾರಿದ್ದು ನನಗ ಗೊತ್ತಿಲ್ಲೇನು? ಒಂದು ವರ್ಷ ಆ ಕೈ ಹಿಡದು ರೊಟ್ಟಿ ಕಲಿಸೀನಿ. ಆ ಕೈಗಿ ಕೆಟ್ಟದ್ದು ಬರಂಗಿಲ್ಲ. ಗಣಪತಿ ಹಬ್ಬ ಆಗಲಿ, ಶಹಾಬಾದಕ್ಕ ಹೋಗ್ತೀನಿ. ನಿಮ್ಮವ್ವ ಸುಂದರಮ್ಮನ್ನ ನೋಡ್ತೀನಿ, ಹಂಗೇ ಆ ಎದುರು ಮನೀಗೂ ಹೋಗ್ತೀನಿ. ಹುಡುಗಂದು ತಪ್ಪಿಲ್ಲ, ಕೂಸು ಮನೀಗಿ ಬರಲಿ ಬಿಡ್ರಿ ಅಂತ ಬಾಯಿ ತುಂಬ ಹೇಳಿ ಬರ್ತೀನಿ. ನನ್ನ ಬಾಯಿ ಮುಂದ ಯಾರು ನಿಲ್ತಾರ ನೋಡ್ತೀನಿ.

ಗುಂಡಮ್ಮ


ಬಾಲಕರ ಮಂದಿರ
8 ಸೆಪ್ಟೆಂಬರ್ 2024

ಆಯಿ,

ಅವರ ಮನೀಗಿ ಹೋಗಬ್ಯಾಡ. ಅವ್ವನ್ನ ಅಷ್ಟೇ ನೋಡಿ ಬಾ. ನಿನ್ನ ಕೈ ಮುಗೀತೀನಿ.

ಅವರಿಗಿ ನನ್ನ ಮ್ಯಾಲ ಯಾಕ ಅಷ್ಟು ಸಿಟ್ಟು ಅಂದ್ರ, ಕಲ್ಲಿನ ಕೆಲಸದಾಗ ಒಂದು ರೂಢಿ ಅದ. ದೊಡ್ಡ ಫರಸಿ ಇಬ್ಬರು ಹೊರಬೇಕು, ಆ ತುದಿಗೊಬ್ಬ, ಈ ತುದಿಗೊಬ್ಬ. ಇಳಸೂ ಮುಂದ ಒಬ್ಬ 'ಇಳಸ್ಲೇನು?' ಅಂತ ಕೇಳಬೇಕು. ಆ ಕಡಿಯವ 'ಇಳಸು' ಅಂದ ಮ್ಯಾಲೇ ಇಬ್ಬರೂ ಕೂಡಿ ಬಗ್ಗಬೇಕು. ಆ ಮಾತು ಕೇಳೂತನಕ ಬೆರಳು ಕಿತ್ತು ಬಂದ್ರೂ ಹಿಡಿದೇ ಇರಬೇಕು. ಉರ್ದು ಮಂದಿ, ತೆಲುಗು ಮಂದಿ, ನಾವು, ಎಲ್ಲಾರೂ ಆ ಫರಸಿ ಕಾರ್ಖಾನಿಯಾಗ ಇದ್ವಿ. ಜಗಳ ತಮ್ಮ ತಮ್ಮ ಮಾತಿನ್ಯಾಗ ಆಡಿದ್ರೂ 'ಇಳಸು' ಮಾತ್ರ ಎಲ್ಲಾರೂ ಕನ್ನಡದಾಗೇ ಅಂತಿದ್ದರು. ನಾ ಹೋದ ಮೊದಲ ದಿನ ನನಗ ಇದನ್ನ ಕಲಿಸಿದವ ಅಲ್ಲಾವುದ್ದೀನನೇ.

ಅವತ್ತು ಆ ಮಾತು ಆಗಿರಲಿಲ್ಲ. ಕೈ ಜಾರಿತು ಅಷ್ಟೇ. ಜಾರೂ ಮುಂದ ಯಾರು ಕೇಳ್ತಾರ?

ನಿನ್ನೆ ಗಣಪತಿ ಕೂಡಿಸಿದ್ವಿ. ಐವತ್ತು ರೊಟ್ಟಿಗಿ ಮೂರೇ ಹರದವು. ಅವರ ಮನೀಗಿ ಹೋಗಬ್ಯಾಡ.

ಕಪಿಲ


ಚಿಂಚೋಳಿ
6 ಅಕ್ಟೋಬರ್ 2024

ಕಪಿಲ,

ಹೋದ ರವಿವಾರ ಶಹಾಬಾದಕ್ಕ ಹೋಗಿ ಬಂದೆ. ಸೇಡಂತನಕ ಬಸ್ಸು, ಅಲ್ಲಿಂದ ರೈಲು, ವಾಡಿಯಾಗ ಇಳದು ಮತ್ತೊಂದು ರೈಲು. ಸೊಂಟ ಹಿಡಕೊಂಡಾದ.

ನಿಮ್ಮವ್ವ ಛಲೋ ಇದ್ದಾಳ. ರವಿವಾರ ಬರ್ಲಿಕ್ಕೆ ಆಗಂಗಿಲ್ಲ ಆಕಿಗಿ. ಯಾಕಂತ ಕೇಳಬ್ಯಾಡ, ಹೇಳಂಗಿಲ್ಲ ಅಂತ ಆಣಿ ಮಾಡಿಸ್ಕೊಂಡಾಳ. ನಾಚಿಕಿ ಗೀಚಿಕಿ ಏನಿಲ್ಲ.

ಎದುರು ಮನೀಗೂ ಹೋಗಿದ್ದೆ. ನೀ ಬ್ಯಾಡಂದಿದ್ದಿ, ನಾ ಕೇಳಲಿಲ್ಲ. ಚಾ ಕೊಟ್ಟರು, ಕುಡದೆ.

ಒಂದು ಮಾತು. ಅವತ್ತು ಆಗಿದ್ದು ನನಗ ಮೊದಲಿಂದ ಬರದು ಕಳಸು. ನಿಂಗ ಹೆಂಗ ನೆನಪದನೋ ಹಂಗ. ಅವಸರ ಇಲ್ಲ.

ಗುಂಡಮ್ಮ


ಬಾಲಕರ ಮಂದಿರ
20 ಅಕ್ಟೋಬರ್ 2024

ಗುಂಡಮ್ಮ ಅವರಿಗೆ,

ಕೇಳಿದ್ದೀರಿ, ಬರದೀನಿ. 'ದಿನಾಂಕ 14-09-2023ರಂದು ಬೆಳಿಗ್ಗೆ ಸುಮಾರು ಹನ್ನೊಂದು ಗಂಟೆಗೆ ನಾನು ಮತ್ತು ಅಲ್ಲಾವುದ್ದೀನ ಇಬ್ಬರೂ ಸೇರಿ ಫರಸಿ ಕಲ್ಲನ್ನು ಹೊತ್ತು ತರುವಾಗ ಕಲ್ಲು ಒದ್ದೆಯಾಗಿದ್ದ ಕಾರಣ ಸದರಿ ಕಲ್ಲು ನನ್ನ ಕೈಯಿಂದ ಜಾರಿ ಆತನ ಎಡಗಾಲಿನ ಮೇಲೆ ಬಿದ್ದಿರುತ್ತದೆ. ನನಗೆ ಯಾವುದೇ ದುರುದ್ದೇಶ ಇರುವುದಿಲ್ಲ.' ಪೊಲೀಸರ ಮುಂದ ಹಿಂಗೇ ಹೇಳೀನಿ, ಮಂಡಳಿ ಮುಂದೂ ಹಿಂಗೇ ಹೇಳೀನಿ. ಮಂಡಳಿಯವರು ನಂಬಲಿಲ್ಲ. ಈಗ ನೀವೂ ನಂಬವಲ್ಲಿರಿ. ಅವರ ಮನಿ ಚಾ ಒಂದು ಕಪ್ಪು ಕುಡದೀರಿ, ಅವರ ಕಡಿ ಆದ್ರಿ.

ಅವ್ವ ಬರಂಗಿಲ್ಲ, ಯಾಕಂತ ಹೇಳಂಗಿಲ್ಲ. ನೀವು ಹೋಗಿ ಬಂದ್ರಿ, ಏನಾತಂತ ಹೇಳಂಗಿಲ್ಲ. ಎಲ್ಲಾರೂ ಕೂಡಿ ಏನರೆ ಮಾಡ್ಕೋರಿ. ನನಗ ಪತ್ರ ಬರಿಯೂ ಜರೂರತ್ತಿಲ್ಲ.

ಕಪಿಲ


ಬಾಲಕರ ಮಂದಿರ
17 ನವೆಂಬರ್ 2024

ಆಯಿ,

ದೀಪಾವಳಿಗಿ ನಿನ್ನ ಪತ್ರ ಬರ್ತದಂತ ನೋಡಿದೆ. ಬರಲಿಲ್ಲ. ಬರೀಬ್ಯಾಡ ಅಂತ ನಾನೇ ಬರದಿದ್ದೆ, ಖರೆ. ಆದ್ರ ನೀ ಯಾವಾಗ ನನ್ನ ಮಾತು ಕೇಳೀದಿ? ಬ್ಯಾಡಂದ ಮನೀಗಿ ಹೋಗಿ ಬಂದಾಕಿ, ಇದೊಂದು ಮಾತು ಯಾಕ ಕೇಳ್ದಿ?

ಆರಾಮ ಇದ್ದಿಲ್ಲ? ನಿನಗ ಜ್ವರ ಗಿರ ಬಂದಿದ್ರ ಲಕ್ಷ್ಮಿ ಆಯಿ ಕಡಿಂದರೆ ಒಂದು ಸಾಲು ಬರಸು. ರೊಟ್ಟಿ ಬಡೀಲಿಕ್ಕೆ ಮನಸಾಗವಲ್ದು. ಹಾಜಿಮಲಂಗ್ ಕಾಕಾ ಚಪಾತೀನೇ ಮಾಡ್ಲಿಕತ್ತಾರ. ನೀವು ಅಂತ ಬರದಿದ್ದಕ್ಕ ಮಾಫ್ ಮಾಡು.

ಕಪಿಲ


ಚಿಂಚೋಳಿ
1 ಡಿಸೆಂಬರ್ 2024
(ಕಾರ್ಡು)

ಕಪ್ಯಾ,

ಜ್ವರ ಇಲ್ಲ. ಸಿಟ್ಟೂ ಇಲ್ಲ, ಇದ್ದದ್ದು ಇಳದಾದ. ಕಾಯ್ಲಿಕತ್ತೀನಿ. ಪೊಲೀಸರಿಗಿ ಬರದಿದ್ದು ನನಗ ಕಳಿಸಿದಿ. ನನಗ ಅಂತ ಬರಿ. ರೊಟ್ಟಿ ಬಿಡಬ್ಯಾಡ.

ಗುಂಡಮ್ಮ


ಬಾಲಕರ ಮಂದಿರ
5 ಜನವರಿ 2025

ಆಯಿ,

ಈ ಪತ್ರ ಬಸವಂತರಾಯ ಸರ್ ಓದ್ತಾರ. ಓದಲಿ. ಮೇಡಂಗೂ ತೋರಸಲಿ. ಇನ್ನೊಂದು ವರ್ಷ ಇಲ್ಲೇ ಇರು ಅಂದ್ರ ಇರ್ತೀನಿ. ಅಂಜಿಕಿ ಆಗ್ಲಿಕತ್ತದ, ಆದ್ರೂ ಬರೀತೀನಿ.

ಎಳ್ಳ ಅಮಾಸಿ ದಿನ ಕಾಕಾ ಮತ್ತ ನಾನು ಕೂಡಿ ನೀ ಹೇಳಿಕೊಟ್ಟಂಗ ಭಜ್ಜಿ ಮಾಡಿದ್ವಿ. ಅವರೀಕಾಯಿ, ತೊಗರಿಕಾಯಿ, ಬಟಾಣಿ, ಎಲ್ಲಾ ತರದ ಸೊಪ್ಪು, ಹುಣಸಿಹುಳಿ, ಎಲ್ಲಾ ಕೂಡಿಸಿ ಕುದಿಸಿದ್ವಿ. ಹೊಲಕ್ಕ ಹೋಗಿ ಉಣ್ಣಲಿಕ್ಕೆ ನಮಗೇನು ಹೊಲ ಅದೇನು, ಬೇವಿನ ಗಿಡದ ಕೆಳಗೇ ಊಟಕ್ಕ ಕೂಡಬೇಕಂತ ದೊಡ್ಡ ಬೋಗಾಣಿ ಹೊರಗ ಒಯ್ಯಬೇಕಿತ್ತು. ಈ ಕಡಿ ನಾನು, ಆ ಕಡಿ ಶಂಕರಲಿಂಗ. ಚಿತ್ತಾಪುರ ಕಡಿ ಹುಡುಗ, ಹದಿನಾಲ್ಕು ವರ್ಷ, ಬಂದು ಎರಡು ವಾರ ಆಗಿತ್ತು. ಯಾರ ಕೂಡಾನೂ ಮಾತಾಡ್ತಿದ್ದಿಲ್ಲ. ಮೆಟ್ಟಲ ಇಳಿಯೂ ಮುಂದ ನನ್ನ ಕಡಿ ಹಿಡಿಗಿ ಸುತ್ತಿದ್ದ ಅರಬಿ ಸರದು, ಕಾದ ಹಿಡಿ ಸೀದಾ ಅಂಗೈಗಿ ಹತ್ತಿತು. ಭಜ್ಜಿ ಕುದೀಲಿಕತ್ತಿತ್ತು. ಬಿಟ್ಟಿದ್ರ ಅಷ್ಟೂ ಆ ಹುಡುಗನ ಎದಿ ಮ್ಯಾಲ.

ಬಿಡಲಿಲ್ಲ ಆಯಿ. ನಾಲ್ಕು ಮೆಟ್ಟಲ ಇಳದು, ಕಟ್ಟಿ ಹಂತೇಕ ಹೋಗಿ, ನನ್ನ ಬಾಯಿಂದ ತಾನೇ ಬಂತು, 'ಇಳಸ್ಲೇನು?' ಆ ಹುಡುಗಗ ಆ ರೂಢಿ ಏನು ಗೊತ್ತು! ನನ್ನ ಮುಖಾನೇ ನೋಡ್ಕೋತ ನಿಂತ. 'ಇಳಸು ಅನ್ನೋ' ಅಂತ ಒದರಿದೆ. 'ಇಳಸು' ಅಂದ. ಇಳಸಿದೆ. ಅಂಗೈ ಚರ್ಮ ಹಿಡೀಗೇ ಅಂಟಿತ್ತು.

ಕಾಕಾ ಕೈ ನೀರಾಗ ಇಟ್ಟು ಕೂಡಿಸಿದರು. ಉರಿ ಅಂದ್ರ ಉರಿ. ಆದ್ರ ನಾ ಅತ್ತಿದ್ದು ಉರೀಗಲ್ಲ. ಸುಟ್ಟ ಕೈ ಬಿಡಲಿಲ್ಲ ಅಂದಮ್ಯಾಲ, ಛಲೋ ಇದ್ದ ಕೈ ಅವತ್ತು ಹೆಂಗ ಬಿಟ್ಟಿತು?

ಜಾರಿಲ್ಲ ಆಯಿ. ನಾ ಬಿಟ್ಟೆ.

ಹಿಂದಿನ ದಿನ ಪಾಲಿಶ್ ಮಾಡಿದ ಒಂದು ಫರಸಿ ಮೂಲಿ ನನ್ನ ಕೈಯಾಗ ಮುರದಿತ್ತು. ಅಲ್ಲಾವುದ್ದೀನ ಭಾಯಿ ಮೇಸ್ತ್ರಿಗಿ ಹೇಳಿದ, ಮುರದವ ಕಪಿಲ ಅಂತ. ಮೇಸ್ತ್ರಿ ನನಗ ಏನೂ ಅನ್ನಲಿಲ್ಲ, ಅಲ್ಲೇ ಪಾಲಿಶ್ ಮಶೀನಿಗಿ ನೀರು ಹಾಕ್ತಿದ್ದ ಅವ್ವಗ 'ನಾಳಿಂದ ಬರಬ್ಯಾಡ' ಅಂದ. ಎಲ್ಲಾರ ಮುಂದ ಅವ್ವ ಕೊಡ ಕೆಳಗಿಟ್ಟು ಸೆರಗಿಲೆ ಕೈ ಒರಸ್ಕೊಂಡು ಹೋದಳು. ಅದು ನೋಡ್ಲಿಕ್ಕೆ ಆಗಲಿಲ್ಲ ನನಗ. ಮರುದಿನ ಫರಸಿ ಹೊತ್ತಾಗ ಆ ತುದಿಗಿ ಭಾಯಿ ಇದ್ದ. 'ಇಳಸ್ಲೇನು?' ಅಂತ ನಾ ಕೇಳಬೇಕಿತ್ತು. ಕೇಳಲಿಲ್ಲ. ಅವನ ಮುಖ ನೋಡಿದೆ. ಬಿಟ್ಟೆ.

ಇಷ್ಟೇ. ನನ್ನ ಕೈಗಿ ಕೆಟ್ಟದ್ದು ಬರಂಗಿಲ್ಲ ಅಂತ ನೀ ಬರದಿದ್ದಿ. ಆ ಪತ್ರ ಪೆಟಗಿಯಾಗ ಅದ. ಮತ್ತೊಮ್ಮೆ ಓದ್ಲಿಕ್ಕೆ ಆಗಿಲ್ಲ. ಎಡಗೈಲೆ ಬರದೀನಿ, ಅಕ್ಷರ ಸೊಟ್ಟ ಆಗ್ಯಾವ.

ಕಪಿಲ


ಚಿಂಚೋಳಿ
19 ಜನವರಿ 2025

ಮಗಾ ಕಪಿಲ,

ನಿನ್ನ ಪತ್ರ ತಗೊಂಡು ಹೊಲದ ಕಡಿ ಹೋದೆ. ತೊಗರಿ ರಾಶಿ ನಡದಾದ ಎಲ್ಲಾ ಕಡಿ. ಒಂದು ಬದುವಿನ ಮ್ಯಾಲ ಒಬ್ಬಾಕಿನೇ ಕುಂತು ಓದಿದೆ, ಕಣ್ಣೀರು ನಿಲ್ಲವಲ್ದು. ನೀ ಹತ್ರ ಇದ್ದಿದ್ರ ಎರಡು ಕೆನ್ನಿಗೂ ಹೊಡೀತಿದ್ದೆ. ಆಮ್ಯಾಲ ಊಟಕ್ಕ ನೀಡ್ತಿದ್ದೆ.

ಈಗ ನಾ ಮುಚ್ಚಿಟ್ಟಿದ್ದು ಕೇಳು. ನೀ ಬಿಟ್ಟಿದ್ದಿ ಅಂತ ನನಗ ಗೊತ್ತಿತ್ತು. ಹೋದ ವರ್ಷ ಶಹಾಬಾದಕ್ಕ ಹೋದ ದಿನಾನೇ ಗೊತ್ತಾಗಿತ್ತು.

ಹತ್ತು ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಕಟಗೊಂಡು ಅವರ ಮನೀಗಿ ಹೋಗಿದ್ದೆ. ಹೊಸ್ತಿಲದಾಗ ನಿಂತೇ ಭಾಷಣ ಸುರು ಮಾಡಿದೆ. ಹುಡುಗಂದು ತಪ್ಪಿಲ್ಲ, ಕೈ ಜಾರ್ಯಾದ, ಬಡವರ ಕೂಸು, ಏನೇನೋ. ಅಲ್ಲಾವುದ್ದೀನ ನಡಕ್ಕ ಬಾಯಿ ಹಾಕಲಿಲ್ಲ. ನಾ ದಣದು ಸುಮ್ಮಾದ ಮ್ಯಾಲ ಅಂದ, 'ಅಮ್ಮಾ, ಒಳಗ ಬರ್ರಿ, ಚಾ ಕುಡೀರಿ. ಆ ತುದಿಗಿ ನಾ ಇದ್ದೆ. ಅವ ನನ್ನ ಮುಖ ನೋಡಿದ, ಆಮ್ಯಾಲ ಬಿಟ್ಟ.' ಯಪ್ಪಾ, ನನ್ನ ಮುಖ ಎಲ್ಲಿಡಲಿ ಅನಿಸಿತು.

ಅವನ ಎಡಗಾಲಿಂದು ಮೂರು ಬೆರಳು ಹೋಗ್ಯಾವ. ಕುಂಟಕೋತ ನಡೀತಾನ. ಈಗ ಕಟಿಂಗ್ ಮಶೀನ್ ಮುಂದ ಕುಂತು ಕೆಲಸ ಮಾಡ್ತಾನ. ಅವ ಏನಂದ ಗೊತ್ತೇನು? 'ಕಾಲಿಂದು ಹೆಂಗರೆ ತಡಕೊಂಡೀನಿ ಅಮ್ಮಾ. ಮಂಡಳಿಯವರು ನನ್ನ ಮಾತು ನಂಬಿದರು, ನನ್ನ ಓಣಿ ನಂಬಲಿಲ್ಲ. ಪಾಪದ ಹುಡುಗನ್ನ ಸುಳ್ಳು ಹೇಳಿ ಒಳಗ ಹಾಕಿಸಿದ ಅಂತ ಅರ್ಧ ಓಣಿ ಅಂತದ. ನಳದ ಕಟ್ಟೀಗಿ ಹೋದ್ರ ಮಾತು ನಿಲ್ಲಸ್ತಾರ.' ನೀ ಕೈ ಜಾರಿತು ಅಂದಿದ್ದು ಅವಗ ಎರಡನೇ ಸಲ ಕಲ್ಲು ಬಿದ್ದಂಗ ಆಗ್ಯಾದ.

ಅವ ಒಲ್ಲೆ ಅನ್ನಲಿಲ್ಲ. 'ಅವನೇ ತಿಳದು, ತನ್ನ ಬಾಯಿಲೆ ಖರೆ ಅಂದ್ರ ಬರಲಿ. ನೀವು ಹೇಳಿಕೊಟ್ಟು ಹೇಳಸಿದ್ರ ನನಗ ಬ್ಯಾಡ' ಅಂದ. ನಾ ಅವಗ ಮಾತು ಕೊಟ್ಟು ಬಂದೆ. ಅದಕ್ಕ ನಿನಗ ಬರೀಲಿಕ್ಕೆ ಕೈ ಬರಲಿಲ್ಲ. ಬರದ್ರ ಎಲ್ಲಿ ಬಾಯಿ ತಪ್ಪಿ ಹೇಳಿಬಿಡ್ತೀನೋ ಅಂತ ಅಂಜಿಕಿ. ನನಗ ಬಾಯಿ ಮುಚ್ಚಿ ಇರೂದು ಎಷ್ಟು ಕಷ್ಟ ಅಂತ ಆ ಮಂದಿರದ ಗ್ವಾಡಿಗೂ ಗೊತ್ತದ.

ಇನ್ನ ನಿಮ್ಮವ್ವಂದು. ಆಣಿ ಮುರೀಲಿಕತ್ತೀನಿ, ನೋಡ್ಕೋತೀನಿ ಆಮ್ಯಾಲ. ಹೋದ ಮೇ ತಿಂಗಳಾಗ ಅಲ್ಲಾವುದ್ದೀನಗ ಎರಡನೇ ಆಪರೇಶನ್ ಆತು. ಅವನ ಹೆಂಡತಿ ನಾಹಿದ, ಕೈಯಾಗ ಸಣ್ಣ ಕೂಸು. ಸುಂದರಮ್ಮ ಬ್ಯಾರೆ ಕಡಿ ಕೆಲಸಕ್ಕ ಹೋಗ್ತಾಳ, ರವಿವಾರ ಒಂದೇ ಸೂಟಿ. ಆ ರವಿವಾರ ಅವರ ಬಾಗಿಲಿಗಿ ಎರಡು ಕೊಡ ನೀರು ಇಟ್ಟು ಬಂದಳು. ನಾಹಿದ ಚೆಲ್ಲಿದಳು. ಮುಂದಿನ ರವಿವಾರ ಮತ್ತ ಇಟ್ಟಳು. ಮತ್ತ ಚೆಲ್ಲಿದಳು. ನಾಲ್ಕನೇ ರವಿವಾರ ಕೂಸಿಗಿ ಜ್ವರ, ನಾಹಿದ ನೀರು ಒಳಗ ಒಯ್ದಳು. ಈಗ ರವಿವಾರ ಪೂರ್ತಿ ನಿಮ್ಮವ್ವ ಅಲ್ಲೇ. ಕೂಸು ಆಕಿ ಸೊಂಟ ಬಿಟ್ಟು ಇಳಿಯಂಗಿಲ್ಲ. 'ನನ್ನ ಮಗ ಮನೀಗಿ ಬರಬೇಕಂದ್ರ ನಾ ಈ ಹೊಸ್ತಿಲ ತುಳೀಬೇಕು' ಅಂದಳು. ನಿನ್ನ ಭೇಟಿ ಬಿಟ್ಟಿದ್ದು ಅದಕ್ಕ. ನಾಚಿಕಿಗಲ್ಲ ಹುಚ್ಚಪ್ಪಾ.

ಕೈಗಿ ಏನು ಹಚ್ಚೀದಿ? ಗುಳ್ಳಿ ಒಡೀಬ್ಯಾಡ. ಆ ಕೈಗಿ ಕೆಟ್ಟದ್ದು ಬರಂಗಿಲ್ಲ ಅಂದಿದ್ದೆ, ತಪ್ಪಂದಿದ್ದೆ. ಎರಡೂ ಬರ್ತದ, ಎಲ್ಲಾರ ಕೈಗೂ ಬರ್ತದ.

ನಿನ್ನ ಆಯಿ
ಗುಂಡಮ್ಮ


ಬಾಲಕರ ಮಂದಿರ
16 ಫೆಬ್ರುವರಿ 2025

ಆಯಿ,

ಆ ಪತ್ರ ಕೊಟ್ಟ ದಿನಾನೇ ಬಸವಂತರಾಯ ಸರ್ ನನಗ ಆಫೀಸಿಗಿ ಕರದರು. ಟೇಬಲ್ ಮ್ಯಾಲ ಪತ್ರ ತೆರದೇ ಇತ್ತು. ಗೋಂದಿನ ಡಬ್ಬಿ ನನ್ನ ಕಡಿ ಸರಸಿ, 'ಇದನ್ನ ನಾ ಅಂಟಸ್ಲೇನು, ನೀ ಅಂಟಸ್ತಿ?' ಅಂದರು. ನಾನೇ ಅಂಟಸಿದೆ. ಇದನ್ನ ಅವಾಗ ಬರೀಲಿಕ್ಕೆ ಜಾಗ ಇರಲಿಲ್ಲ.

ಲುಂಬಿನಿ ಮೇಡಂಗ ನಾನೇ ಹೇಳಿದೆ. ಅವರು ಬೈಯಲಿಲ್ಲ. ಮಂಡಳಿ ಆದೇಶ ಆಗಿಹೋಗ್ಯಾದ, ಇದಕ್ಕ ಅವಧಿ ಹೆಚ್ಚಾಗಲ್ಲ ಅಂದರು. 'ಹೊರಗ ಹೋಗಿ ಯಾರಿಗಿ ಹೇಳ್ತಿ, ಹೇಳಲ್ಲ, ಅದು ನಿನಗ ಬಿಟ್ಟದ್ದು. ಕಾಯದಾ ನಿನ್ನ ಕಡಿಂದ ಅದನ್ನ ಕೇಳಂಗಿಲ್ಲ' ಅಂತ ಎರಡು ಸಲ ಹೇಳಿದರು. ಹೇಳ್ತೀನ್ರಿ ಅಂದೆ.

ಹೋದ ರವಿವಾರ ನನಗ ಹದಿನೆಂಟು ತುಂಬಿತು. ಅವತ್ತು ಅವ್ವ ಬಂದಳು! ನಾಹಿದಕ್ಕನೇ 'ಇವತ್ತು ಇಲ್ಲಿ ಬರಬ್ಯಾಡ, ಮಗನ ಹಂತೇಕ ಹೋಗು' ಅಂತ ಕಳಿಸಿದಳಂತ. ಅವ್ವ ಅಂಗೈ ಹಿಡದು ನೋಡಿದಳು. ನಾ ಎಲ್ಲಾ ಹೇಳಿದೆ. 'ಮೊದಲ ದಿನಾನೇ ಗೊತ್ತಿತ್ತೋ ನನಗ' ಅಂದಳು. ಇಬ್ಬರೂ ಅತ್ವಿ. ಆಮ್ಯಾಲ ನಾ ಬಡದ ರೊಟ್ಟಿ ಕೊಟ್ಟೆ. 'ಉಪ್ಪು ಕಮ್ಮಿ ಅದ' ಅಂದಳು. ರೊಟ್ಟಿಗಿ ಯಾರರೆ ಉಪ್ಪು ಹಾಕ್ತಾರೇನು ಆಯಿ? ಅಳಕೋತ ಏನೋ ಒಂದು ಅಂದಳು, ಅಷ್ಟೇ.

ಭಾಯಿ ಏನಂತಾನ? ಖರೆ ಹೇಳು. ಮುಚ್ಚಿಡಬ್ಯಾಡ ಇನ್ನ.

ಕಪಿಲ


ಚಿಂಚೋಳಿ
16 ಮಾರ್ಚ್ 2025

ಕಪ್ಯಾ,

ಮೊನ್ನೆ ಮತ್ತ ಶಹಾಬಾದಕ್ಕ ಹೋಗಿದ್ದೆ. ರಮಜಾನ್ ನಡದಾದ, ರೋಜಾ ಬಿಡೂ ಹೊತ್ತಿಗಿ ಇರಲಿ ಅಂತ ಶೇಂಗಾ ಹೋಳಗಿ ಮಾಡಿ ಒಯ್ದಿದ್ದೆ. ಲಕ್ಷ್ಮಿ 'ನಿಂದೇನು ಅಲ್ಲಿ ಬೀಗತನ ಕೂಡ್ಯಾದೇನು?' ಅಂತ ನಗ್ತಾಳ.

ಹೇಳಿದೆ ಅವಗ. 'ನಾ ಒಂದು ಅಕ್ಷರ ಹೇಳಿಕೊಟ್ಟಿಲ್ಲ, ಕೈ ಸುಟಗೊಂಡು ತಾನೇ ಹೇಳ್ಯಾನ' ಅಂದೆ. ಅಲ್ಲಾವುದ್ದೀನ ಕೂಸಿನ್ನ ತೊಡಿ ಮ್ಯಾಲಿಂದ ಇಳಸಿದ. ಕಣ್ಣಾಗ ನೀರು ಬಂದಿತ್ತು ಅಂತ ನನಗ ಅನಿಸಿತು, ಸುಳ್ಳು ಯಾಕ ಹೇಳಲಿ, ಸರಿ ಕಾಣಲಿಲ್ಲ. ಆಮ್ಯಾಲ ಅಂದ, 'ಬರಲಿ. ಮೇಡಂಗೂ ಹಂಗೇ ಹೇಳ್ತೀನಿ. ಖರೆ, ನಿಮಗ ಹೇಳಿದ್ದು ಓಣಿಗಿ ಕೇಳಿಸ್ಯಾದೇನು ಅಮ್ಮಾ?'

ನಾಹಿದ ಅಂದಳು, 'ಸುಂದರಕ್ಕ ನನ್ನ ಅಕ್ಕ ಇದ್ದಂಗ. ಆಕಿ ಮಗನ ಮ್ಯಾಲಿನ ಸಿಟ್ಟು ಇನ್ನೂ ಅದ. ಅದು ನನ್ನ ಹಂತೇಕೇ ಇರಲಿ, ಬಿಡಸ್ಲಿಕ್ಕೆ ಬರಬ್ಯಾಡ್ರಿ.' ಖರೆ ಮಾತು. ಬಿಡಸ್ಲಿಕ್ಕೆ ಹೋಗಬ್ಯಾಡ.

ಏನು ಮಾಡಬೇಕು ಅಂತ ನಿನಗ ತಿಳದಾದ. ಮಾಡೂ ಮುಂದ ಭಾಷಣ ಹೊಡೀಬ್ಯಾಡ, ಅದು ನನ್ನ ಕೆಲಸ. ಹೊರಗ ಬರೂ ದಿನ ಹಾಜಿಮಲಂಗ್ ಅವರಿಗಿ ರೊಟ್ಟಿ ಕಲಿಸಿ ಬಾ. ಇಲ್ಲಂದ್ರ ಆ ಹುಡುಗರು ಚಪಾತಿ ತಿಂದು ತಿಂದು ಸೊರಗ್ತಾವ.

ಗುಂಡಮ್ಮ


ಶಹಾಬಾದ
6 ಏಪ್ರಿಲ್ 2025, ರವಿವಾರ

ಆಯಿ,

ಈ ಪತ್ರ ಯಾರೂ ಓದಿಲ್ಲ. ನಾನೇ ಅಂಟಸೀನಿ, ನಾನೇ ಡಬ್ಬಿಗಿ ಹಾಕ್ತೀನಿ.

ಮಾರ್ಚ್ ಇಪ್ಪತ್ತೇಳಕ್ಕ ಬಂದೆ. ಬರೂ ದಿನ ಕಾಕಾ ಹದಿನಾಲ್ಕು ರೊಟ್ಟಿ ಬಡದರು, ಐದು ಹರದವು. ನಿನ್ನ ಹೆಸರು ಯಾರಿಗೂ ಹೇಳಬ್ಯಾಡ್ರಿ ಅಂದೀನಿ. ಶಂಕರಲಿಂಗ ಗೇಟಿನತನಕ ನನ್ನ ಪೆಟಗಿ ಹಿಡಕೊಂಡು ಬಂದ. ಕೆಳಗಿಡೂ ಮುಂದ ಕೇಳಿದ, 'ಇಳಸ್ಲೇನಣ್ಣಾ?'

ಮೂರು ದಿನ ಮನಿ ಬಿಟ್ಟು ಹೊರಗ ಬರಲಿಲ್ಲ ನಾನು. ಎದುರು ಬಾಗಿಲು ಕಿಡಕಿಯಾಗಿಂದ ಕಾಣ್ತದ. ಯುಗಾದಿ ದಿನ ಅವ್ವ ಬೇವು ಕೊಟ್ಟಳು. ಮರುದಿನ ಈದ್. ಮುಂಜಾನಿ ಎಲ್ಲಾರೂ ಹೊಸಾ ಅರಬಿ ಹಾಕ್ಕೊಂಡು ನಮಾಜಿಗಿ ಹೋಗಿ ಬಂದರು. ಹಬ್ಬದ ದಿನ ಬ್ಯಾಡ, ಅವರ ಹಬ್ಬ ಕೆಡಿಸಬಾರದು ಅಂತ ಮತ್ತೆರಡು ದಿನ ಕುಂತೆ. ಖರೆ ಹೇಳಬೇಕಂದ್ರ ಹಬ್ಬ ಒಂದು ನೆಪ, ಅಂಜಿದ್ದೆ.

ಗುರುವಾರ ನಳದ ನೀರು ಬಂತು. ಓಣಿ ಮಂದಿ ಎಲ್ಲಾ ಕೊಡ ಹಿಡಕೊಂಡು ಕಟ್ಟಿ ಮುಂದ ನಿಂತಿದ್ದರು. ಭಾಯಿ ತನ್ನ ಬಾಗಿಲಾಗ ಇದ್ದ. ನಾ ಹೋಗಿ ನಿಂತೆ. ಮಾತು ನಿಂತವು. ಎಲ್ಲಾರೂ ಕೇಳೂಹಂಗ ಅಂದೆ, 'ಅವತ್ತು ನನ್ನ ಕೈ ಜಾರಿಲ್ಲ. ಬೇಕಂತಲೇ ಬಿಟ್ಟೀನಿ. ಅಲ್ಲಾವುದ್ದೀನ ಭಾಯಿ ಹೇಳಿದ್ದೇ ಖರೆ. ಸುಳ್ಳು ಹೇಳಿದವ ನಾನು.' ಇಷ್ಟೇ. ನೀ ಹೇಳಿದಂಗ ಭಾಷಣ ಮಾಡಲಿಲ್ಲ.

ಯಾರದೋ ಕೊಡ ತುಂಬಿ ನೀರು ಹೊರಗ ಹರೀಲಿಕತ್ತಿತ್ತು. ಭೀಮಶ್ಯಾ ಕಾಕಾ, ಒಂದೂವರಿ ವರ್ಷದಿಂದ ನನ್ನ ಕಡಿ ಹಿಡದು ಭಾಯಿ ಕೂಡ ಮಾತು ಬಿಟ್ಟವರು, ನನ್ನ ಒಮ್ಮೆ ದಿಟ್ಟಿಸಿ ನೋಡಿ, ತುಂಬಿದ ಕೊಡ ಹೊತ್ತು ನಡದುಬಿಟ್ಟರು. ಹೋಗ್ಕೋತ ಭಾಯಿ ಬಾಗಿಲ ಮುಂದ ನಿಂತು, 'ಕಾಲು ಹೆಂಗದೋ ಅಲ್ಲಾವುದ್ದೀನ?' ಅಂದರು. ಭಾಯಿ 'ಆರಾಮ ಅದ ಕಾಕಾ' ಅಂದ. ನನ್ನ ಕಡಿ ನೋಡಲಿಲ್ಲ, ಒಳಗ ಹೋದ.

ಮುಗೀತು ಅಂದ್ಕೊಂಡೆ. ಮನೀಗಿ ಬಂದು ಪೆಟಗಿಯಾಗ ಅರಬಿ ತುಂಬಲಿಕತ್ತೆ. ಅವ್ವ ತುಂಬಿದ್ದನ್ನ ಒಂದೊಂದೇ ಹೊರಗ ತಗೀಲಿಕತ್ತಳು.

ಇವತ್ತು ಮುಂಜಾನಿ ಎದುರು ಮನೀಗಿ ಬಂಡಿ ಮ್ಯಾಲ ಒಂದು ಫರಸಿ ಬಂತು. ಅವ್ವ ಕೊಡ ಇಡ್ತಾಳಲ್ಲ, ಆ ಬಾಗಿಲ ಮುಂದಿನ ಜಾಗಕ್ಕ ಹಾಕ್ಲಿಕ್ಕೆ ಅಂತ ಭಾಯಿ ತಾನೇ ಕೊಯ್ದ ಕಲ್ಲು. ಬಂಡಿಯವ ಕೈ ಹಾಕ್ಲಿಕ್ಕೆ ಹೋದ. ಭಾಯಿ ಅವಗ 'ನೀ ಸರಿ' ಅಂದು, ನಮ್ಮ ಬಾಗಿಲ ಕಡಿ ತಿರುಗಿ ಒದರಿದ, 'ಏ ಕಪಿಲ, ಬಾ ಇಲ್ಲಿ. ಆ ತುದಿ ಹಿಡಿ.'

ನಾಹಿದಕ್ಕ 'ಖಬರ್ ಅದೇನು ನಿಮಗ! ಅವನ ಕೈಯಾಗ ಕೊಡ್ತೀರಿ?' ಅಂತ ಚೀರಿ ಹೊರಗ ಬಂದಳು. ಭಾಯಿ ಕುಂಟು ಕಾಲು ಊರಿ ಬಗ್ಗಿ ಕಲ್ಲಿಗಿ ಕೈ ಹಾಕಿದ. ನಾ ಈ ತುದಿ ಹಿಡದೆ. ಎತ್ತಿದ್ವಿ. ಅಂಗೈಯಾಗ ಸುಟ್ಟ ಜಾಗ ಇನ್ನೂ ಮೆತ್ತಗ ಅದ, ಕಲ್ಲಿನ ಅಂಚು ಅಲ್ಲೇ ಕೊರೀತು. ನಾಲ್ಕು ಹೆಜ್ಜಿ. ಬಾಗಿಲ ಮುಂದ ಬಂದು ನಿಂತ್ವಿ. ಅವನ ಕಾಲು ಕಲ್ಲಿನ ಕೆಳಗೇ ಇತ್ತು. ಅವ ಸರಸಲಿಲ್ಲ.

'ಇಳಸ್ಲೇನು?' ಅಂದೆ.

ಅವ 'ಇಳಸು' ಅನ್ನಲಿಲ್ಲ. ನನ್ನ ಮುಖ ನೋಡಿದ. ನಾನೂ ನೋಡಿದೆ. ಭುಜ ಹರೀತದೇನೋ ಅನಿಸಿತು. ಕೂಸು ನಮ್ಮವ್ವನ ಸೊಂಟದ ಮ್ಯಾಲಿಂದ ಅವರಪ್ಪಗ 'ಅಬ್ಬಾ' ಅಂತ ಕರೀಲಿಕತ್ತಿತ್ತು. ಅವ ಸುಮ್ಮನೇ ನೋಡ್ಕೋತ ನಿಂತ. ಎಷ್ಟೊತ್ತು ಅಂತ ಹೇಳ್ಲಿಕ್ಕೆ ಬರಂಗಿಲ್ಲ ನನಗ. ಬೆವರು ಕಣ್ಣಾಗ ಹೋಗಿ ಅವನ ಮುಖಾನೂ ಕಾಣದಂಗಾತು. ನಾ ಹಿಡಿದೇ ಇದ್ದೆ.

ಆಮ್ಯಾಲ ಅವ ಕಾಲು ಹಿಂದ ತಗೊಂಡ. ಸಣ್ಣ ಧ್ವನಿಲೆ, ಮೊದಲ ದಿನ ನನಗ ಕಲಿಸಿದಾಗ ಅಂದಿದ್ನಲ್ಲ ಹಂಗೇ, 'ಇಳಸು' ಅಂದ.

ಇಳಸಿದ್ವಿ ಆಯಿ.

ಕಪಿಲ